ಬರೆದರೆ ಹಗುರ ಆಗುತ್ತಾ, ಇಲ್ಲ ಗಾಯ ಕೆದಕಿದಂತಾಗುತ್ತಾ?

ಪ್ರಶ್ನೆ: ನನಗೀಗ 36 ವರ್ಷ. ಒಂಬತ್ತು ವರ್ಷ ಗಂಡನ ಹಿಂಸೆ ಸಹಿಸಿ, ಎರಡು ವರ್ಷದ ಹಿಂದೆ ಆ ಮನೆ ಬಿಟ್ಟು ಬಂದೆ. ಏಟಿಗಿಂತ ಅವನ ಮಾತೇ ಜಾಸ್ತಿ ನೋಯಿಸುತ್ತಿತ್ತು. ಮದುವೆಯಾದ ಹೊಸದರಲ್ಲಿ ನಾನು ಡೈರಿ ಬರೆಯುತ್ತಿದ್ದೆ. ಅವನು ಅದನ್ನು ಹುಡುಕಿ ತೆಗೆದು, ಮನೆಯವರ ಮುಂದೆ ಜೋರಾಗಿ ಓದಿ ನಕ್ಕಿದ್ದ. ಅವತ್ತಿನಿಂದ ಪೆನ್ನು ಮುಟ್ಟಿರಲಿಲ್ಲ. ಈಗ ಗೆಳತಿಯೊಬ್ಬಳು "ಎಲ್ಲಾ ಬರೆದುಬಿಡು, ಮನಸ್ಸು ಹಗುರ ಆಗುತ್ತೆ" ಅಂದಳು. ಹೋದ ತಿಂಗಳು ಒಂದು ರಾತ್ರಿ ಕೂತು, ನನ್ನ ಬದುಕಿನ ಅತಿ ಕೆಟ್ಟ ದಿನದ ಬಗ್ಗೆ ಬರೆದೆ. ಮೂರು ಪುಟ ಆಗುವಷ್ಟರಲ್ಲಿ ಕೈ ನಡುಗತೊಡಗಿತು. ಬೆಳಗಿನವರೆಗೆ ನಿದ್ದೆ ಬರಲಿಲ್ಲ. ನಾಲ್ಕು ದಿನ ಯಾರ ಜೊತೆಗೂ ಮಾತಾಡಲು ಆಗಲಿಲ್ಲ. ಆ ಹಾಳೆಗಳನ್ನು ಹರಿದು ಹಾಕಿದೆ. ಬರೆಯುವುದರಿಂದ ನಿಜಕ್ಕೂ ಒಳ್ಳೆಯದಾಗುತ್ತಾ? ಎಲ್ಲರಿಗೂ ಆಗುವುದು ನನಗೆ ಯಾಕೆ ಆಗಲಿಲ್ಲ? ಮತ್ತೆ ಶುರು ಮಾಡುವುದಾದರೆ ಮೊದಲ ದಿನ ಏನು ಬರೆಯಲಿ?

ಉತ್ತರ: ಮೊದಲಿಗೆ, ಕೊರತೆ ನಿಮ್ಮಲ್ಲಿಲ್ಲ. ನಿಮ್ಮ ಗೆಳತಿ ಪ್ರೀತಿಯಿಂದಲೇ ಹೇಳಿದ್ದಾರೆ. ಆದರೆ ಆ ಸಲಹೆ ಅರ್ಧವಷ್ಟೇ. ಎಷ್ಟು ಹೊತ್ತು, ಯಾವುದರಿಂದ ಶುರು ಮಾಡಬೇಕು, ಯಾವಾಗ ನಿಲ್ಲಿಸಬೇಕು ಅನ್ನುವ ಉಳಿದರ್ಧ ನಿಮಗೆ ಯಾರೂ ಹೇಳಲಿಲ್ಲ. ಈಜು ಬಾರದವರನ್ನು ಮಡುವಿಗೇ ಇಳಿಸಿದ ಹಾಗಾಯಿತು. ನೀವು ಆ ರಾತ್ರಿ ಮೂರು ಪುಟಕ್ಕೆ ನಿಲ್ಲಿಸಿದಿರಲ್ಲ, ಅದು ಸೋಲಲ್ಲ. ಸಾಕು ಅನ್ನಿಸಿದಾಗ ನೀವೇ ನಿಲ್ಲಿಸಿದಿರಿ. ಆ ಒಂಬತ್ತು ವರ್ಷದಲ್ಲಿ "ಸಾಕು" ಅನ್ನುವ ನಿಮ್ಮ ಮಾತಿಗೆ ಬೆಲೆ ಇತ್ತಾ? ಹಾಳೆ ಹರಿದಿದ್ದೂ ನಿಮ್ಮದೇ ತೀರ್ಮಾನ. ನಾನು ಅದನ್ನು ಒಳ್ಳೆಯ ಗುರುತು ಅಂತಲೇ ನೋಡುತ್ತೇನೆ.

ಇನ್ನು, ಬರೆಯುವುದರಿಂದ ಒಳ್ಳೆಯದಾಗುತ್ತಾ ಅನ್ನುವ ಪ್ರಶ್ನೆ. ಆಗುತ್ತದೆ, ಆದರೆ ಜನ ಹೇಳುವಷ್ಟು ಸುಲಭವಾಗಿ ಅಲ್ಲ, ಎಲ್ಲರಿಗೂ ಒಂದೇ ರೀತಿಯಲ್ಲೂ ಅಲ್ಲ. 1986ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಒಂದು ಅಧ್ಯಯನ ಪ್ರಕಟಿಸಿದರು. 46 ಕಾಲೇಜು ವಿದ್ಯಾರ್ಥಿಗಳು, ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಬರೆದರು. ಕೆಲವರು ಯಾವುದೋ ಸಾಮಾನ್ಯ ವಿಷಯದ ಬಗ್ಗೆ, ಉಳಿದವರು ತಮಗಾದ ದೊಡ್ಡ ಆಘಾತದ ಬಗ್ಗೆ. ನಡೆದದ್ದನ್ನೂ ಬರೆದು, ಆಗ ಏನನ್ನಿಸಿತು ಅನ್ನುವುದನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಹತ್ತಿರ ಹೋಗಿದ್ದು ಕಡಿಮೆ. ಈ ಭಾಗವನ್ನು ಎಲ್ಲರೂ ಹೇಳುತ್ತಾರೆ. ಅದೇ ಅಧ್ಯಯನದ ಇನ್ನೊಂದು ಭಾಗವನ್ನು ಹೇಳುವವರು ಕಡಿಮೆ. ಬರೆದ ಕೂಡಲೇ ಆ ವಿದ್ಯಾರ್ಥಿಗಳ ಮನಸ್ಸು ಹಗುರ ಆಗಲಿಲ್ಲ, ಇನ್ನೂ ಭಾರವಾಯಿತು. ರಕ್ತದ ಒತ್ತಡವೂ ಏರಿತ್ತು. ಅಂದರೆ ನಿಮಗಾಗಿದ್ದು ವಿಚಿತ್ರವೇನಲ್ಲ. ವ್ಯತ್ಯಾಸ ಇಷ್ಟೇ: ಅವರಿಗೆ ಹದಿನೈದು ನಿಮಿಷದ ಗಡಿ ಇತ್ತು, ನಿಮಗೆ ಯಾವ ಗಡಿಯೂ ಇರಲಿಲ್ಲ.

ಆಮೇಲೆ ಇಂಥ ಅಧ್ಯಯನಗಳು ನೂರಾರು ನಡೆದವು. 2006ರಲ್ಲಿ 146 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಲಾಭ ಇದೆ, ಆದರೆ ಸರಾಸರಿಯಲ್ಲಿ ಅದು ಸಣ್ಣದು ಅಂತ ಕಂಡಿತು. ಆ ಸರಾಸರಿಯೊಳಗೆ ತುಂಬಾ ಒಳ್ಳೆಯದಾದವರೂ ಇದ್ದಾರೆ, ಏನೂ ಆಗದವರೂ ಇದ್ದಾರೆ. ಕೆಲವರಿಗೆ ತೊಂದರೆಯೂ ಆಗಬಹುದು. 2013ರಲ್ಲಿ, ಆಗಷ್ಟೇ ಸಂಗಾತಿಯಿಂದ ಬೇರೆಯಾದ 90 ಜನರ ಮೇಲೆ ನಡೆದ ಅಧ್ಯಯನದಲ್ಲಿ, "ಯಾಕೆ ಹೀಗಾಯಿತು, ಇದಕ್ಕೆ ಅರ್ಥ ಏನು" ಅಂತ ಮೊದಲೇ ತಲೆಯೊಳಗೆ ಸುತ್ತುತ್ತಿದ್ದವರು ಭಾವನೆ ತೋಡಿಕೊಂಡು ಬರೆದಾಗ ಚೇತರಿಕೆ ನಿಧಾನವಾಯಿತು. ಅಂಥವರು ದಿನದ ಕೆಲಸ ಕಾರ್ಯ ಬರೆದಿದ್ದೇ ಒಳ್ಳೆಯದಾಯಿತು. ಹಾಗಾಗಿ "ಬರೆದುಬಿಡು" ಅಂತ ಸುಮ್ನೆ ಹೇಳಿಬಿಡುವವರನ್ನು ಕಂಡರೆ ನನಗೆ ಕಳವಳ ಆಗುತ್ತದೆ.

ಹಾಗಾದರೆ ಬರವಣಿಗೆ ಎಲ್ಲಿ ಕೆಲಸ ಮಾಡುತ್ತದೆ? ಒಳಗಿದ್ದದ್ದನ್ನು ಹೊರಗೆ ಸುರಿದುಬಿಡುವುದರಲ್ಲಿ ಅಲ್ಲ. ಸುರಿದದ್ದು ಮಾರನೇ ದಿನ ಮತ್ತೆ ತುಂಬಿಕೊಳ್ಳುತ್ತದೆ. ಪೆನ್ನೆಬೇಕರ್ ಅವರ ತಂಡ ಆಮೇಲೆ ಜನ ಬರೆದ ಹಾಳೆಗಳನ್ನೇ ಮುಂದಿಟ್ಟುಕೊಂಡು ಪದಗಳನ್ನು ಎಣಿಸಿತು. ಮೊದಲ ದಿನದಿಂದ ಕೊನೆಯ ದಿನಕ್ಕೆ "ಯಾಕೆಂದರೆ", "ಆದ್ದರಿಂದ", "ಈಗ ಅರ್ಥವಾಗುತ್ತಿದೆ" ಅನ್ನುವಂಥ ಪದಗಳು ಹೆಚ್ಚುತ್ತಾ ಹೋದವರಿಗೆ ಲಾಭವೂ ಹೆಚ್ಚು. ಚೂರು ಚೂರಾಗಿ ಬಿದ್ದಿದ್ದ ನೆನಪು ಒಂದು ಕಥೆಯಾಗಿ ಜೋಡಿಕೊಳ್ಳುತ್ತಾ ಬಂದಾಗ ಅದರ ಹಿಡಿತ ಸಡಿಲವಾಗುತ್ತದೆ. ಮೊದಲು, ನಂತರ, ಆಮೇಲೆ. ಅದು ಆಗ, ಇದು ಈಗ. ಹಿಂಸೆ ಉಂಡ ಮನಸ್ಸಿಗೆ ಬಹಳ ಸಲ ಈ "ಆಗ" ಮತ್ತು "ಈಗ" ಬೇರೆ ಬೇರೆ ಅನ್ನಿಸುವುದೇ ಇಲ್ಲ. ಬಾಗಿಲು ಜೋರಾಗಿ ಬಡಿದರೆ ಸಾಕು, ಮೈ ಹಳೇ ಮನೆಗೇ ಹೋಗಿಬಿಟ್ಟಿರುತ್ತದೆ.

ಇಲ್ಲಿ ನಮ್ಮ ಭಾಷೆಯ ಒಂದು ವಿಷಯ ಹೇಳಬೇಕು. ನನ್ನ ಹತ್ತಿರ ಬರುವವರು ಬರೆದು ತಂದದ್ದನ್ನು ಓದುವಾಗ ನಾನು ಮೊದಲು ನೋಡುವುದು ಇದನ್ನೇ. "ಅವತ್ತು ಜಗಳ ಆಯಿತು. ಏಟು ಬಿತ್ತು. ತಲೆಗೆ ಪೆಟ್ಟಾಯಿತು." ಕನ್ನಡದಲ್ಲಿ ಇದು ಸರಿಯಾದ ಬರವಣಿಗೆಯೇ. ಆದರೆ ಗಮನಿಸಿ, ಇದರಲ್ಲಿ ಹೊಡೆದವರೇ ಇಲ್ಲ! ಏಟು ಮಳೆಯ ಹಾಗೆ ತಾನಾಗಿ ಬಿತ್ತು. ಇನ್ನೊಂದು, "ನನ್ನಿಂದ ಅವನಿಗೆ ಸಿಟ್ಟು ಬಂತು." ಇಲ್ಲಿ ನೀವಿದ್ದೀರಿ, ಅದೂ ತಪ್ಪಿತಸ್ಥೆಯಾಗಿ. ಹೀಗೆ ಬರೆಯುವುದು ಬೇಕಂತ ಅಲ್ಲ. ವರ್ಷಗಟ್ಟಲೆ ಮನೆಯ ಮಾನ ಮುಚ್ಚಿಕೊಂಡು ಮಾತಾಡಿ ಅಭ್ಯಾಸವಾಗಿರುತ್ತದೆ. ನಾನು ಅವರಿಗೆ ಒಂದೇ ಒಂದು ಕೆಲಸ ಕೊಡುತ್ತೇನೆ. ಅದೇ ವಾಕ್ಯವನ್ನು ಮಾಡಿದವರನ್ನು ಸೇರಿಸಿ ಮತ್ತೆ ಬರೆಯಿರಿ. "ಅವನು ಬಾಗಿಲು ಹಾಕಿದ. ಅವನು ನನ್ನ ತಲೆಯನ್ನು ಗೋಡೆಗೆ ಗುದ್ದಿದ." ಕೆಲವರಿಗೆ ಈ ಒಂದು ವಾಕ್ಯ ಬರೆಯಲು ವಾರಗಟ್ಟಲೆ ಬೇಕಾಗುತ್ತದೆ. ಬರೆದ ಮೇಲೆ ಅಳುವವರಿದ್ದಾರೆ, ಮೊದಲ ಸಲ ಸಿಟ್ಟು ಬಂತು ಅನ್ನುವವರಿದ್ದಾರೆ. ನಾಚಿಕೆ ಇಷ್ಟು ದಿನ ತಪ್ಪು ವಿಳಾಸದಲ್ಲಿತ್ತು ಅಂತ ಆಗ ಗೊತ್ತಾಗುತ್ತದೆ. ನೀವು ಇದನ್ನು ಈಗಲೇ ಮಾಡಬೇಕಿಲ್ಲ. ಆದರೆ ಮುಂದೆ ಯಾವತ್ತಾದರೂ ನಿಮ್ಮ ಹಾಳೆಯಲ್ಲಿ "ಆಯಿತು", "ಬಿತ್ತು" ಕಂಡರೆ, ಮಾಡಿದ್ದು ಯಾರು ಅಂತ ನಿಮ್ಮನ್ನೇ ಕೇಳಿಕೊಳ್ಳಿ.

ಹಾಗೇ ಇನ್ನೊಂದು ಪದ, "ಬೇಜಾರು". ನಾವು ಎಲ್ಲದಕ್ಕೂ ಬೇಜಾರು ಅಂದುಬಿಡುತ್ತೇವೆ. ದುಃಖ ಆದರೂ ಬೇಜಾರು, ಅವಮಾನ ಆದರೂ ಬೇಜಾರು. ಇಲ್ಲಾಂದ್ರೆ "ಒಂಥರಾ ಆಗುತ್ತೆ". ಹಾಳೆಯಲ್ಲಿ ಬೇಜಾರು ಅಂತ ಬರೆದಾಗ ಅಲ್ಲೇ ನಿಂತು, ಅದರೊಳಗೆ ಏನಿದೆ ನೋಡಿ. ದಿಗಿಲಾ? ಸಿಟ್ಟಾ? ಅವಮಾನವಾ? ಒಂಟಿತನವಾ? ಅಥವಾ ಬರೀ ಸುಸ್ತಾ? ಅವನನ್ನು ನೆನೆದು ಒಂದು ಕ್ಷಣ ಪ್ರೀತಿ ಉಕ್ಕಿತಾ? ಅದನ್ನೂ ಬರೆಯಿರಿ. ಹಿಂಸೆ ಕೊಟ್ಟವರ ಮೇಲೆ ಪ್ರೀತಿ ಉಳಿದಿರುವುದು ಬಹಳ ಜನರಲ್ಲಿ ಇರುತ್ತದೆ, ಅದನ್ನು ಹೇಳಿಕೊಳ್ಳಲು ಜಾಗ ಸಿಗುವುದು ಮಾತ್ರ ಅಪರೂಪ. ಭಾವನೆಗೆ ಸರಿಯಾದ ಹೆಸರಿಡುವುದು ಬರೀ ಮಾತಿನ ಆಟ ಅಲ್ಲ. 2007ರಲ್ಲಿ ಮನಶ್ಶಾಸ್ತ್ರಜ್ಞ ಮ್ಯಾಥ್ಯೂ ಲೀಬರ್‌ಮನ್ ಮತ್ತು ಅವರ ತಂಡ ಮೆದುಳಿನ ಸ್ಕ್ಯಾನ್ ಮಾಡಿ ನೋಡಿದರು. ಸಿಟ್ಟು, ಭಯ ಇರುವ ಮುಖಗಳ ಚಿತ್ರ ನೋಡುತ್ತಾ ಆ ಭಾವನೆಗೆ ಹೆಸರು ಕೊಟ್ಟಾಗ, ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಅನ್ನುವ ಭಾಗದ ಚಟುವಟಿಕೆ ಇಳಿಯಿತು.

ಈಗ ನಿಮ್ಮ ಡೈರಿಯ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ತಟ್ಟಿದ್ದು ಅದು. ಅವನು ಓದಿದ್ದು ಬರೀ ಡೈರಿಯನ್ನಲ್ಲ. ನೀವು ನಿಮ್ಮ ಜೊತೆ ಮಾತಾಡಿಕೊಳ್ಳುವ ಒಂದೇ ಒಂದು ಜಾಗಕ್ಕೆ ನುಗ್ಗಿದ. ಹಾಗಾಗಿ ಹೋದ ತಿಂಗಳು ನಿಮ್ಮ ಕೈ ನಡುಗಿದ್ದು ಬರೆದ ವಿಷಯಕ್ಕಷ್ಟೇ ಅಂತ ನನಗೆ ಅನ್ನಿಸುವುದಿಲ್ಲ. ಬರೆಯುವುದೇ ನಿಮಗೆ ಅಪಾಯದ ಕೆಲಸವಾಗಿತ್ತು. ಪೆನ್ನು ಹಿಡಿದ ಕೂಡಲೇ ಮೈ "ಯಾರೋ ನೋಡುತ್ತಾರೆ" ಅಂತ ಎಚ್ಚರವಾಗುತ್ತದೆ. ಇದನ್ನು ಬುದ್ಧಿಗೆ ಹೇಳಿ ಸರಿ ಮಾಡಲು ಆಗುವುದಿಲ್ಲ. ಬರೆದದ್ದು ಸುರಕ್ಷಿತವಾಗಿದೆ ಅಂತ ಮೈಗೆ ಮತ್ತೆ ಮತ್ತೆ ತೋರಿಸಬೇಕು.

ಅದಕ್ಕೇ ಮೊದಲ ಪ್ರಶ್ನೆ ಏನು ಬರೆಯಲಿ ಅಂತ ಅಲ್ಲ, ಎಲ್ಲಿ ಇಡಲಿ ಅಂತ. ಆಘಾತದ ಚಿಕಿತ್ಸೆಯ ಬಗ್ಗೆ ಕೆಲಸ ಮಾಡಿದ ಮನೋವೈದ್ಯೆ ಜುಡಿತ್ ಹರ್ಮನ್ ಚೇತರಿಕೆಯನ್ನು ಮೂರು ಹಂತವಾಗಿ ಹೇಳಿದರು. ಮೊದಲನೆಯದು ಸುರಕ್ಷತೆ. ಎರಡನೆಯದು ನೆನೆದು ದುಃಖಿಸುವುದು. ಮೂರನೆಯದು ಬದುಕಿನ ಜೊತೆ, ಜನರ ಜೊತೆ ಮತ್ತೆ ಸೇರಿಕೊಳ್ಳುವುದು. ನೀವು ಆ ರಾತ್ರಿ ನೇರವಾಗಿ ಎರಡನೆಯದಕ್ಕೆ ಹಾರಿದಿರಿ. ಬೀಗ ಹಾಕುವ ಪೆಟ್ಟಿಗೆ ಇದ್ದರೆ ಅದರಲ್ಲಿಡಿ, ಇಲ್ಲವೇ ನಂಬಿಕೆಯ ಒಬ್ಬರ ಮನೆಯಲ್ಲಿಡಿ. ಬಿಡಿ ಹಾಳೆಯಲ್ಲಿ ಬರೆದು ಅವತ್ತೇ ಹರಿದರೂ ಸರಿ. ಬರೆದದ್ದು ಉಳಿಯಲೇಬೇಕು ಅಂತೇನಿಲ್ಲ. ಮೊಬೈಲ್‌ನಲ್ಲಿ ಬರೆಯುವುದಾದರೆ ಜಾಗ್ರತೆ. ಹಳೆಯ ಅಕೌಂಟ್ ಈಗಲೂ ಬಳಸುತ್ತಿದ್ದರೆ, ಅದರ ಪಾಸ್‌ವರ್ಡ್ ಅವನಿಗೆ ಗೊತ್ತಿದ್ದರೆ, ನೀವು ಬರೆದದ್ದು ಇನ್ನೊಂದು ಫೋನಿನಲ್ಲಿ ತೆರೆದುಕೊಳ್ಳಬಹುದು. ಹೊಸ ಅಕೌಂಟ್, ಹೊಸ ಪಾಸ್‌ವರ್ಡ್ ಇಲ್ಲದೆ ಅಲ್ಲಿ ಬರೆಯಬೇಡಿ. ಇನ್ನು, ಹಿಂಸೆ ಕೊಡುವವರ ಜೊತೆಗೇ ಈಗಲೂ ಇರುವವರು ಇದನ್ನು ಓದುತ್ತಿದ್ದರೆ ಅವರಿಗೆ ನನ್ನ ಮಾತು ಬೇರೆ. ಸಿಕ್ಕಿಬಿದ್ದರೆ ಏಟು ಬೀಳುತ್ತದೆ ಅನ್ನುವ ಹಾಗಿದ್ದರೆ ಬರೆಯಬೇಡಿ. ನಿಮ್ಮ ಪ್ರಾಣಕ್ಕಿಂತ ಪುಸ್ತಕ ದೊಡ್ಡದಲ್ಲ. ನಂಬಿಕೆಯವರಿಗೆ ಬಾಯಲ್ಲಿ ಹೇಳಿ.

ಕೋರ್ಟು, ಕೇಸು ನಡೆಯುತ್ತಿದ್ದರೆ ಇನ್ನೊಂದು ಮಾತು. ತಾರೀಖು, ಹೊತ್ತು, ಏನಾಯಿತು, ಯಾರು ನೋಡಿದರು ಅನ್ನುವ ದಾಖಲೆ ಬೇರೆ, ಮನಸ್ಸಿನ ಪುಸ್ತಕ ಬೇರೆ. ಎರಡನ್ನೂ ಒಂದರಲ್ಲೇ ಬೆರೆಸಬೇಡಿ. ಯಾವುದನ್ನು ಇಡಬೇಕು, ಹೇಗಿಡಬೇಕು ಅಂತ ನಿಮ್ಮ ವಕೀಲರನ್ನೇ ಕೇಳಿ.

ಜಾಗ ಗಟ್ಟಿಯಾದ ಮೇಲೆ ಹೊತ್ತು. ರಾತ್ರಿ ಮಲಗುವ ಮುಂಚೆ ಬೇಡ. ಹಗಲಲ್ಲಿ, ಬರೆದ ಮೇಲೆ ಮಾಡಲು ಏನಾದರೂ ಕೆಲಸ ಇರುವ ಹೊತ್ತಿನಲ್ಲಿ ಕೂರಿ. ಅಲಾರಂ ಇಟ್ಟುಕೊಳ್ಳಿ. ಮೊದಲ ಎರಡು ವಾರ ಐದು ನಿಮಿಷ ಸಾಕು. ಐದೇ ನಿಮಿಷಾನಾ ಅಂತ ಅನ್ನಿಸಬಹುದು. ಹೌದು, ಐದೇ. ದಿನಾ ಬರೆಯಲೇಬೇಕು ಅಂತಲೂ ಇಲ್ಲ. ವಾರಕ್ಕೆ ಮೂರು ದಿನ ಬರೆದರೂ ಬರೆದ ಹಾಗೇ. "ಇವತ್ತೂ ಬರೆಯಲಿಲ್ಲ" ಅಂತ ನಿಮ್ಮನ್ನು ನೀವೇ ಬೈದುಕೊಳ್ಳುವಂತಾದರೆ, ಹಳೇ ಮನೆಯ ಬೈಗುಳ ಹೊಸ ಮನೆಗೂ ಬಂದ ಹಾಗಾಯಿತು, ಅಲ್ವಾ?

ಶುರುವಿನಲ್ಲಿ ಕೆಟ್ಟ ನೆನಪಿನ ಹತ್ತಿರ ಹೋಗಬೇಡಿ. ಈಗಿನ ದಿನದ ಬಗ್ಗೆ ಬರೆಯಿರಿ. ಇವತ್ತು ಯಾರ ಅಪ್ಪಣೆಯೂ ಇಲ್ಲದೆ ನಾನು ಏನು ಮಾಡಿದೆ? ಯಾವ ಹೊತ್ತಿನಲ್ಲಿ ಮೈ ಬಿಗಿಯಾಯಿತು, ಯಾವಾಗ ಸಡಿಲವಾಯಿತು? ಹೀಗೆ ಕೆಲವು ವಾರ ಆದಮೇಲೆ ನಿಮಗೇ ನಿಮ್ಮ ದಿನದ ಒಂದು ನಕ್ಷೆ ಸಿಗುತ್ತದೆ. ಭಾನುವಾರ ಸಂಜೆ ಯಾಕೆ ಎದೆ ಬಡಿದುಕೊಳ್ಳುತ್ತದೆ, ಯಾರ ದನಿ ಕೇಳಿದರೆ ಊಟ ಸೇರುವುದಿಲ್ಲ, ಎಲ್ಲ ಕಾಣಿಸತೊಡಗುತ್ತದೆ. ಆಮೇಲೆ ಬೇಕಾದರೆ ಸಣ್ಣ ನೋವು ಒಂದನ್ನು ಎತ್ತಿಕೊಳ್ಳಿ. ಹತ್ತರಲ್ಲಿ ಮೂರೋ ನಾಲ್ಕೋ ಅಂಕದ ನೋವು. ಬರೆಯುವಾಗ "ನಾನು" ತುಂಬಾ ಚುಚ್ಚಿದರೆ "ಅವಳು" ಅಂತ ಬರೆಯಿರಿ. "ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು." ತನ್ನನ್ನು ಸ್ವಲ್ಪ ದೂರದಿಂದ ನೋಡಿಕೊಂಡಾಗ ಮನಸ್ಸು ಅಷ್ಟು ಕುದಿಯುವುದಿಲ್ಲ ಅಂತ ಮನಶ್ಶಾಸ್ತ್ರಜ್ಞರಾದ ಈಥನ್ ಕ್ರಾಸ್ ಮತ್ತು ಓಜ್ಲೆಮ್ ಅಯ್ದುಕ್ ಅವರ ಕೆಲಸ ತೋರಿಸಿದೆ. ಇನ್ನೊಬ್ಬ ಹೆಣ್ಣುಮಗಳ ಕಥೆ ಬರೆಯುವಾಗ ನಾವು ಅವಳ ಮೇಲೆ ತೋರಿಸುವ ಕರುಣೆಯನ್ನು ನಮ್ಮ ಮೇಲೆ ತೋರಿಸುವುದಿಲ್ಲ. "ಅವಳು" ಅಂದಾಗ ಆ ಕರುಣೆ ಸುತ್ತಿ ಬಳಸಿ ನಿಮಗೇ ಬಂದು ಸೇರುತ್ತದೆ.

ಬರೀ ಭಾವನೆಯನ್ನೇ ಬರೆದು ನಿಲ್ಲಿಸಬೇಡಿ. 2002ರ ಒಂದು ಅಧ್ಯಯನದಲ್ಲಿ, ಒಂದು ತಿಂಗಳು ಡೈರಿ ಬರೆದ ವಿದ್ಯಾರ್ಥಿಗಳಲ್ಲಿ, ಭಾವನೆಯ ಜೊತೆಗೆ ಯೋಚನೆಯನ್ನೂ ಬರೆದವರು ಆ ಕಷ್ಟದಲ್ಲೂ ಏನೋ ಒಂದಿಷ್ಟು ಒಳ್ಳೆಯದನ್ನು ಕಂಡುಕೊಂಡರು. ನೋವನ್ನಷ್ಟೇ ಬರೆದವರು ಕಾಯಿಲೆಯ ತೊಂದರೆ ಹೆಚ್ಚು ಹೇಳಿಕೊಂಡರು. ಒಂದೇ ಮಾತನ್ನು ನಾಲ್ಕನೇ ಸಲ ಅದೇ ಪದಗಳಲ್ಲಿ ಬರೆಯುತ್ತಿದ್ದೀರಿ ಅಂತ ಕಂಡರೆ ಅದು ಗಾಣದ ಎತ್ತಿನ ಸುತ್ತು. ಆಗ ಪ್ರಶ್ನೆ ಬದಲಿಸಿ. "ನನಗೆ ಯಾಕೆ ಹೀಗಾಯಿತು" ಬಿಟ್ಟು, "ಆಗ ನಾನು ನನ್ನನ್ನು ಉಳಿಸಿಕೊಳ್ಳಲು ಏನೇನು ಮಾಡಿದೆ" ಅಂತ ಬರೆಯಿರಿ. ಸುಮ್ಮನಿದ್ದದ್ದು, ಸುಳ್ಳು ಹೇಳಿದ್ದು, ಬಚ್ಚಲುಮನೆಯಲ್ಲಿ ಚಿಲಕ ಹಾಕಿ ಕೂತದ್ದು, ಎಲ್ಲವೂ ಆ ಪಟ್ಟಿಗೆ ಬರುತ್ತದೆ. ಹೇಡಿತನ ಅಂತ ಅಂದುಕೊಂಡಿದ್ದ ಎಷ್ಟೋ ಕೆಲಸಗಳು ಜಾಣತನವಾಗಿದ್ದವು ಅಂತ ಕಾಣಿಸುತ್ತದೆ.

ಮಾತಿನ ಏಟು ಜಾಸ್ತಿ ಅಂತ ಬರೆದಿದ್ದೀರಿ. ಅದಕ್ಕೆ ಒಂದು ಪುಟವನ್ನು ಬೇರೆ ಇಡಿ. "ನನಗೆ ಒಂದು ಕೆಲಸವೂ ನೆಟ್ಟಗೆ ಬರಲ್ಲ." "ನನ್ನನ್ನು ಯಾರು ಸಹಿಸಿಕೊಳ್ಳುತ್ತಾರೆ." ಇಂಥ ವಾಕ್ಯ ತಲೆಗೆ ಬಂದಾಗ ಅದನ್ನು ಅಲ್ಲಿ ಬರೆದು, ಪಕ್ಕದಲ್ಲಿ "ಇದು ಯಾರ ಮಾತು?" ಅಂತ ಬರೆಯಿರಿ. ಮೊದಲ ಸಲ ಇದನ್ನು ಕೇಳಿದ್ದು ಯಾರ ಬಾಯಿಂದ? ನನ್ನ ಅನುಭವದಲ್ಲಿ, ಬಹಳ ಜನರ ಪುಟದಲ್ಲಿ ಅರ್ಧಕ್ಕಿಂತ ಜಾಸ್ತಿ ವಾಕ್ಯಗಳು ಅವರದ್ದೇ ಅಲ್ಲ. ಮನಶ್ಶಾಸ್ತ್ರಜ್ಞೆ ಪ್ಯಾಟ್ರಿಷಿಯಾ ರೆಸಿಕ್ ಅವರು ಅತ್ಯಾಚಾರಕ್ಕೆ ಒಳಗಾದವರಿಗಾಗಿ ರೂಪಿಸಿದ ಚಿಕಿತ್ಸೆಯಲ್ಲೂ ಹೀಗೆ ಮನಸ್ಸು ಸಿಕ್ಕಿಹಾಕಿಕೊಂಡ ನಂಬಿಕೆಗಳನ್ನು ಬರೆದು, ಒಂದೊಂದನ್ನೇ ಪ್ರಶ್ನಿಸುವುದು ಮುಖ್ಯ ಕೆಲಸ.

ನೆನಪಿನಲ್ಲಿ ಖಾಲಿ ಜಾಗಗಳಿದ್ದರೆ ಹೆದರಬೇಡಿ. ಭಯದಲ್ಲಿದ್ದಾಗ ಮೆದುಳು ಎಲ್ಲವನ್ನೂ ಸಾಲಾಗಿ ಬರೆದಿಟ್ಟುಕೊಳ್ಳುವುದಿಲ್ಲ. "ಇಲ್ಲಿ ನೆನಪಿಲ್ಲ" ಅಂತ ಬರೆದು ಮುಂದಕ್ಕೆ ಹೋಗಿ. ಊಹೆಯಿಂದ ಆ ಜಾಗ ತುಂಬಬೇಡಿ. ಪದೇ ಪದೇ ಊಹಿಸಿಕೊಂಡದ್ದು ಕಾಲ ಕಳೆದಂತೆ ನಡೆದದ್ದೇ ಅನ್ನಿಸಿಬಿಡುವ ಸಾಧ್ಯತೆ ಇದೆ.

ಇನ್ನು, ಯಾವಾಗ ಪುಸ್ತಕ ಮುಚ್ಚಬೇಕು? ಪೆನ್ನೆಬೇಕರ್ ಅವರೇ ಒಂದು ನಿಯಮ ಹೇಳುತ್ತಾರೆ: ಯಾವುದನ್ನು ಬರೆದರೆ ತಡೆದುಕೊಳ್ಳಲು ಆಗುವುದಿಲ್ಲ ಅನ್ನಿಸುತ್ತದೋ ಅದನ್ನು ಬರೆಯಬೇಡಿ. ನಾನು ಇನ್ನಷ್ಟು ಬಿಡಿಸಿ ಹೇಳುತ್ತೇನೆ. ಕೈಕಾಲು ಮರಗಟ್ಟಿದ ಹಾಗಾದರೆ, ಬೇಕಂತ ಅಲ್ಲದೆ ತಾನಾಗಿಯೇ, ಮೈ ಬಿಟ್ಟು ಹೊರಗೆ ಹೋದ ಹಾಗೆ ನಿಮ್ಮನ್ನು ನೀವೇ ಎಲ್ಲೋ ದೂರದಿಂದ ನೋಡಿದಂತಾದರೆ, ಬರೆಯುವುದು ಹಿಂದಿನದ್ದು ಅನ್ನುವುದು ಮರೆತು ಈಗಲೇ ನಡೆಯುತ್ತಿದೆ ಅನ್ನಿಸಿದರೆ ಪೆನ್ನು ಕೆಳಗಿಡಿ. ಎರಡೂ ಪಾದ ನೆಲಕ್ಕೆ ಒತ್ತಿ. ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರನ್ನು ಜೋರಾಗಿ ಹೇಳಿ. ಇವತ್ತಿನ ತಾರೀಖು ಹೇಳಿ. ತಣ್ಣೀರಲ್ಲಿ ಮುಖ ತೊಳೆಯಿರಿ. ಬದುಕಿರುವುದೇ ಬೇಡ ಅನ್ನುವ ಯೋಚನೆ, ಮೈಗೆ ನೋವು ಮಾಡಿಕೊಳ್ಳಬೇಕು ಅನ್ನುವ ಯೋಚನೆ ಬಂದರೆ ಮಾತ್ರ ಇದನ್ನೆಲ್ಲ ಒಬ್ಬರೇ ಮಾಡುತ್ತಾ ಕೂರಬೇಡಿ. ಆ ಕ್ಷಣವೇ ಹತ್ತಿರದವರನ್ನು ಕರೆಯಿರಿ, ವೈದ್ಯರನ್ನೋ ಸಹಾಯವಾಣಿಯನ್ನೋ ಸಂಪರ್ಕಿಸಿ.

ನೀವು ಬರೆಯಲು ಹೋದ ಆ ಅತಿ ಕೆಟ್ಟ ದಿನವನ್ನು ಒಬ್ಬರೇ ಬರೆಯಬೇಡಿ ಅಂತ ನನ್ನ ಸಲಹೆ. ನಾಲ್ಕು ದಿನ ಮಾತೇ ಹೊರಡದಂತಾಯಿತು ಅಂದಿರಿ. ಅದು ಜೊತೆಗೆ ಒಬ್ಬರು ಬೇಕು ಅನ್ನುವ ಸೂಚನೆ. ಆಘಾತದ ವಿಷಯದಲ್ಲಿ ತರಬೇತಿ ಇರುವ ಮನಶ್ಶಾಸ್ತ್ರಜ್ಞರ ಜೊತೆ ಅದನ್ನು ಬರೆಯುವ ಕ್ರಮವೇ ಇದೆ. ಡೆನೀಸ್ ಸ್ಲೋನ್ ಮತ್ತು ಬ್ರಯಾನ್ ಮಾರ್ಕ್ಸ್ ರೂಪಿಸಿದ ಚಿಕಿತ್ಸೆಯಲ್ಲಿ ಐದು ಭೇಟಿ, ಪ್ರತಿ ಸಲ 30 ನಿಮಿಷ ಒಂದೇ ಘಟನೆಯ ಬಗ್ಗೆ ಬರವಣಿಗೆ. 2018ರಲ್ಲಿ ಪ್ರಕಟವಾದ, 126 ಜನರ ಮೇಲಿನ ಅಧ್ಯಯನದಲ್ಲಿ ಇದು 12 ಭೇಟಿಗಳ ಇನ್ನೊಂದು ಹೆಸರಾಂತ ಚಿಕಿತ್ಸೆಗೆ ಕಡಿಮೆಯಾಗಲಿಲ್ಲ. ನಡುವೆ ಬಿಟ್ಟುಹೋದವರೂ ಇದರಲ್ಲಿ ತೀರಾ ಕಡಿಮೆ. ನೋಡಿ, ಅದೇ ಹಾಳೆ, ಅದೇ ಪೆನ್ನು, ಅದೇ ಕೆಟ್ಟ ದಿನ. ಆದರೆ ಬರೆಯುವ ಮುಂಚೆ ಧೈರ್ಯ ಹೇಳಲು, ಬರೆದ ಮೇಲೆ ಹೇಗಿದ್ದೀರಿ ಅಂತ ಕೇಳಲು ಒಬ್ಬರು ಇದ್ದಾರೆ. ಅಂಥವರು ಸಿಗುವವರೆಗೆ ಆ ದಿನ ಕಾಯಲಿ. ಅದನ್ನು ಬರೆಯದೇ ಇದ್ದರೂ ನೀವು ಚೇತರಿಸಿಕೊಳ್ಳಬಹುದು.

ಯಾರಿಗಾದರೂ ತೋರಿಸಬೇಕಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ಕೌನ್ಸೆಲರ್ ಕೇಳಿದರೂ ತೋರಿಸಲೇಬೇಕು ಅಂತಿಲ್ಲ. ಒಂದು ಸಾಲು ಮಾತ್ರ ಓದಿ ಹೇಳಬಹುದು, ಪುಟ ಮಡಚಿ ಮುಚ್ಚಿಡಬಹುದು. "ಇವತ್ತು ಬೇಡ" ಅನ್ನಬಹುದು. ಒಳ್ಳೆಯ ಕೌನ್ಸೆಲರ್ ಅದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಯಾರು ಓದಬೇಕು ಅನ್ನುವುದು ಒಂದು ಸಲ ನಿಮ್ಮ ಕೈ ತಪ್ಪಿತ್ತು. ಈ ಸಲ ಅದು ನಿಮ್ಮ ಕೈಯಲ್ಲೇ ಇರಲಿ.

ಮೊದಲ ದಿನಕ್ಕೆ ಇಷ್ಟು ಮಾಡಿ. ಹಗಲು ಹೊತ್ತು, ಬಿಡಿ ಹಾಳೆ ಒಂದು, ಐದು ನಿಮಿಷದ ಅಲಾರಂ. ಈಗ ಕೂತಿರುವ ಕೋಣೆಯ ಬಗ್ಗೆ ಬರೆಯಿರಿ. ಕಿಟಕಿ ಎಲ್ಲಿದೆ, ಬೆಳಕು ಎಲ್ಲಿ ಬೀಳುತ್ತಿದೆ, ಚಿಲಕ ಒಳಗಿನಿಂದ ಹಾಕುವಂಥದ್ದಾ, ಬೀಗದ ಕೈ ಯಾರ ಹತ್ತಿರ ಇದೆ. ಅಲಾರಂ ಹೊಡೆದ ಕೂಡಲೇ, ವಾಕ್ಯ ಅರ್ಧಕ್ಕಿದ್ದರೂ ನಿಲ್ಲಿಸಿ. ಆ ಹಾಳೆಯನ್ನು ಇಡಬೇಕೋ ಹರಿಯಬೇಕೋ ಅನ್ನುವುದನ್ನು ಮಾರನೇ ದಿನ ಯೋಚಿಸಿದರಾಯಿತು.